ಸುದ್ದಿಗೂ ಪಥ್ಯ ಬೇಕು

ಕಳೆದ ಚಳಿಗಾಲದಲ್ಲಿ ಐವತ್ತು ದಾಟಿದ ಒಬ್ಬ ತಾಯಿ ಸೊಸೆಯ ಜೊತೆ ನನ್ನ ಚಿಕಿತ್ಸಾಲಯಕ್ಕೆ ಬಂದರು. ಎರಡು ತಿಂಗಳಿಂದ ನಿದ್ದೆ ಸರಿಯಿಲ್ಲ, ಎದೆ ಡವಡವ ಎನ್ನುತ್ತದೆ, ಹೊಟ್ಟೆಯಲ್ಲಿ ಉರಿ, ಸಣ್ಣ ಮಾತಿಗೂ ಸಿಟ್ಟು ಬರುತ್ತದೆ ಎಂದರು. ರಕ್ತದೊತ್ತಡ, ಸಕ್ಕರೆ, ಥೈರಾಯ್ಡ್, ಇಸಿಜಿ ಎಲ್ಲ ವರದಿಗಳೂ ಸರಿಯಾಗಿದ್ದವು. ನಾಡಿ ಮಾತ್ರ ಸ್ವಲ್ಪ ವೇಗವಾಗಿತ್ತು.

“ಆಪಾ, ಇಶಾ ಆದ ಮೇಲೆ ಏನು ಮಾಡ್ತೀರಿ?” ಎಂದು ಕೇಳಿದೆ.

“ಏನಿಲ್ಲ ಹಕೀಮ್ ಸಾಹೇಬರೇ, ಮಲಗಿಕೊಂಡು ಸ್ವಲ್ಪ ಮೊಬೈಲ್ ನೋಡ್ತೀನಿ.”

ಸೊಸೆ ಮೆಲ್ಲನೆ ಹೇಳಿದರು: “ರಾತ್ರಿ ಒಂದು ಗಂಟೆ ಆದ್ರೂ ಅಮ್ಮಿ ಕೋಣೆಯಲ್ಲಿ ಬೆಳಕು ಇರುತ್ತೆ.”

ವಿಚಾರಿಸಿದಾಗ ತಿಳಿಯಿತು. ಹನ್ನೊಂದು ವಾಟ್ಸ್ಆ್ಯಪ್ ಗುಂಪುಗಳು. ಗಾಝಾದ ಮಕ್ಕಳ ವಿಡಿಯೋ, ರಸ್ತೆ ಅಪಘಾತದ ಸಿಸಿಟಿವಿ ದೃಶ್ಯ, ಎಲ್ಲೋ ನಡೆದ ಗಲಾಟೆ, ಯಾರದೋ ದ್ವೇಷ ಭಾಷಣ. ಒಂದಾದ ಮೇಲೊಂದು. ಕೊನೆಗೆ ಇನ್ನೊಂದು ಪ್ರಶ್ನೆ ಕೇಳಿದೆ: “ನಿನ್ನೆ ಯಾರ ಜೊತೆ ಕೂತು ಸಮಾಧಾನವಾಗಿ ಮಾತಾಡಿದ್ರಿ?” ಅವರು ತುಂಬ ಹೊತ್ತು ಯೋಚಿಸಿದರು. “ಮನೇಲಿ ಆರು ಜನ ಇದ್ದೀವಿ. ಆದ್ರೆ ಮಾತಾಡಿದ್ದು ನೆನಪಿಲ್ಲ” ಎಂದರು.

ಇಂತಹ ಉತ್ತರ ಈಗ ಅಪರೂಪವಲ್ಲ. ಹಾಗಾಗಿ ಈ ತಿಂಗಳು ಔಷಧಿಯ ಬದಲು ಸುದ್ದಿ ಮತ್ತು ಮಾತಿನ ಬಗ್ಗೆ ಬರೆಯುತ್ತಿದ್ದೇನೆ.

ಯುನಾನಿ ಏನು ಹೇಳುತ್ತದೆ?

ಯುನಾನಿ ಪದ್ಧತಿಯಲ್ಲಿ ಆರೋಗ್ಯಕ್ಕೆ ಅನಿವಾರ್ಯವಾದ ಆರು ಕಾರಣಗಳಿವೆ. ಇವನ್ನು ಅಸ್ಬಾಬೆ ಸಿತ್ತಾ ಝರೂರಿಯಾ ಎನ್ನುತ್ತೇವೆ. ಗಾಳಿ, ಆಹಾರ ಮತ್ತು ಪಾನೀಯ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ಮತ್ತು ದೇಹದಿಂದ ಹೊರಹೋಗಬೇಕಾದದ್ದು ಹೋಗುವುದು, ಉಳಿಯಬೇಕಾದದ್ದು ಉಳಿಯುವುದು. ಈ ಆರರಲ್ಲಿ ಯಾವುದು ಮಿತಿ ಮೀರಿದರೂ ಕಾಯಿಲೆಗೆ ದಾರಿಯಾಗುತ್ತದೆ.

ಜನರು ಆಹಾರದ ಪಥ್ಯ ಕೇಳುತ್ತಾರೆ. ಬದನೆಕಾಯಿ ತಿನ್ನಬಹುದೇ, ಮೊಸರು ಬಿಡಬೇಕೇ ಎಂದು ವಿಚಾರಿಸುತ್ತಾರೆ. ಮನಸ್ಸಿನ ಪಥ್ಯವನ್ನು ಯಾರೂ ಕೇಳುವುದಿಲ್ಲ. ಆದರೆ ಗ್ರಂಥಗಳಲ್ಲಿ ಅದಕ್ಕೂ ಆಹಾರದಷ್ಟೇ ಸ್ಥಾನವಿದೆ. ಸಿಟ್ಟು ಬಂದಾಗ ದೇಹದ ಶಾಖ ಒಮ್ಮೆಲೇ ಹೊರಮುಖವಾಗುತ್ತದೆ, ಮುಖ ಕೆಂಪೇರುತ್ತದೆ. ಭಯವಾದಾಗ ಅದು ಒಮ್ಮೆಲೇ ಒಳಗೆ ಸರಿಯುತ್ತದೆ, ಕೈಕಾಲು ತಣ್ಣಗಾಗುತ್ತವೆ. ದುಃಖದಲ್ಲಿ ನಿಧಾನವಾಗಿ ಒಳಗೆ, ಸಂತೋಷದಲ್ಲಿ ನಿಧಾನವಾಗಿ ಹೊರಗೆ. ನಮ್ಮ ಹಕೀಮರು ಇದನ್ನು ವಿವರಿಸಿದ್ದು ಹೀಗೆ. ಇಂದಿನ ವೈದ್ಯಶಾಸ್ತ್ರ ಇದನ್ನೇ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಹಾರ್ಮೋನುಗಳ ಭಾಷೆಯಲ್ಲಿ ಬೇರೆ ರೀತಿ ವಿವರಿಸುತ್ತದೆ.

ಈಗ ಮೊಬೈಲ್ ಪರದೆಯನ್ನು ನೆನಪಿಸಿಕೊಳ್ಳಿ. ಒಂದು ವಿಡಿಯೋ ಸಿಟ್ಟು ತರಿಸುತ್ತದೆ, ಮುಂದಿನದು ಹೆದರಿಸುತ್ತದೆ, ಅದರ ಮುಂದಿನದು ನಗಿಸುತ್ತದೆ, ನಾಲ್ಕನೆಯದು ಅಳಿಸುತ್ತದೆ. ಎರಡು ನಿಮಿಷದೊಳಗೆ ನಾಲ್ಕು ಬಗೆಯ ಚಲನೆ. ದೇಹ ಓಡಲು ಅಥವಾ ಹೋರಾಡಲು ಸಿದ್ಧವಾಗುತ್ತದೆ. ಆದರೆ ನಾವು ಹಾಸಿಗೆಯಲ್ಲಿ ಮಲಗಿರುತ್ತೇವೆ. ಆ ಸಿದ್ಧತೆಗೆ ಹೊರಹೋಗಲು ದಾರಿಯಿಲ್ಲ. ನಿದ್ದೆ ಕೆಡುತ್ತದೆ, ನಿದ್ದೆ ಕೆಟ್ಟರೆ ಜೀರ್ಣಶಕ್ತಿ ಕೆಡುತ್ತದೆ, ಮರುದಿನ ಮನೆಯವರ ಮೇಲೆ ರೇಗಾಟ ಶುರುವಾಗುತ್ತದೆ.

ದೂರದಲ್ಲಿ ಕುಳಿತು ನೋಡುವವರಿಗೆ ಅಪಾಯವಿಲ್ಲ ಎಂದು ತಿಳಿಯಬೇಡಿ. 2013ರಲ್ಲಿ ಅಮೆರಿಕದ ಬಾಸ್ಟನ್ ಮ್ಯಾರಥಾನ್ ಓಟದ ವೇಳೆ ಬಾಂಬ್ ಸ್ಫೋಟವಾಯಿತು. ಅದರ ನಂತರದ ವಾರದಲ್ಲಿ ದಿನಕ್ಕೆ ಆರು ಗಂಟೆ ಅಥವಾ ಹೆಚ್ಚು ಆ ಸುದ್ದಿಯನ್ನೇ ನೋಡಿದವರಲ್ಲಿ, ಸ್ಫೋಟದ ಸ್ಥಳದಲ್ಲಿದ್ದವರಿಗಿಂತಲೂ ಹೆಚ್ಚು ತೀವ್ರ ಮಾನಸಿಕ ಒತ್ತಡದ ಲಕ್ಷಣಗಳು ಕಂಡವೆಂದು ಸಂಶೋಧಕರು ವರದಿ ಮಾಡಿದರು.

ಸಾವಿರ ವರ್ಷಗಳ ಹಿಂದಿನ ಸಲಹೆ

ಇಂದಿನ ಅಫ್ಘಾನಿಸ್ತಾನದ ಬಲ್ಖ್ ಪ್ರದೇಶದವರಾದ ಅಬೂ ಝೈದ್ ಅಲ್ ಬಲ್ಖೀ 934ರಲ್ಲಿ ನಿಧನರಾದರು. ಮಸಾಲಿಹುಲ್ ಅಬ್ದಾನ್ ವಲ್ ಅನ್‌ಫುಸ್ ಎಂಬ ಅವರ ಗ್ರಂಥದಲ್ಲಿ ಎರಡು ಭಾಗಗಳಿವೆ. ಒಂದು ದೇಹದ ಆರೋಗ್ಯ, ಇನ್ನೊಂದು ಮನಸ್ಸಿನ ಆರೋಗ್ಯ. ದೇಹ ಮತ್ತು ಮನಸ್ಸು ಒಂದಕ್ಕೊಂದು ಹೆಣೆದುಕೊಂಡಿವೆ, ಒಂದನ್ನು ಬಿಟ್ಟು ಇನ್ನೊಂದಕ್ಕೆ ಚಿಕಿತ್ಸೆ ಮಾಡಿದರೆ ಸಾಲದು ಎಂಬುದು ಅವರ ನಿಲುವು. ಸಿಟ್ಟು, ಭಯ, ದುಃಖ ಮತ್ತು ವಸ್‌ವಾಸ್ ಎಂದು ಅವರು ಮನಸ್ಸಿನ ತೊಂದರೆಗಳನ್ನು ವಿಂಗಡಿಸಿದರು. ಬೇಡದ ಯೋಚನೆಗಳು ಮತ್ತೆ ಮತ್ತೆ ಕಾಡುವವರಿಗೆ ಅವರು ಕೊಟ್ಟ ಸಲಹೆಗಳಲ್ಲಿ ಒಂದು, ಒಂಟಿಯಾಗಿರಬೇಡಿ, ಜನರ ಸಹವಾಸದಲ್ಲಿರಿ ಎಂಬುದು.

ಇಂದು ನಮ್ಮ ಕಷ್ಟವೆಂದರೆ ಜನರ ಮಧ್ಯೆ ಕುಳಿತೇ ಒಂಟಿಯಾಗಿದ್ದೇವೆ. ಮದುವೆ ಮನೆಯಲ್ಲಿ, ಈದ್ ದಿನದ ಊಟದಲ್ಲಿ, ಆಸ್ಪತ್ರೆಯಲ್ಲಿ ರೋಗಿಯನ್ನು ನೋಡಲು ಹೋದಾಗಲೂ ತಲೆ ತಗ್ಗಿಸಿಕೊಂಡು ಪರದೆ ಉಜ್ಜುತ್ತಿರುತ್ತೇವೆ.

ಇದು ಬರೀ ಶಿಷ್ಟಾಚಾರದ ಪ್ರಶ್ನೆಯಲ್ಲ, ಆಯುಸ್ಸಿನ ಪ್ರಶ್ನೆಯೂ ಹೌದು. 2010ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ 148 ಅಧ್ಯಯನಗಳನ್ನು, ಮೂರು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟಿಗೆ ನೋಡಿತು. ಗಟ್ಟಿಯಾದ ಸಂಬಂಧಗಳಿರುವವರು ಬದುಕುಳಿಯುವ ಸಾಧ್ಯತೆ ಶೇ. 50ರಷ್ಟು ಹೆಚ್ಚು ಎಂದು ಕಂಡುಬಂತು. ನಮ್ಮ ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ಕುಟುಂಬದ ಡಾ. ವಿವೇಕ್ ಮೂರ್ತಿ ಅಮೆರಿಕದ ಸರ್ಜನ್ ಜನರಲ್ ಆಗಿದ್ದಾಗ, 2023ರ ಮೇ ತಿಂಗಳಲ್ಲಿ ಒಂಟಿತನದ ಬಗ್ಗೆಯೇ ಸರಕಾರಿ ಎಚ್ಚರಿಕೆ ಹೊರಡಿಸಿದರು. ಸಾಮಾಜಿಕ ಸಂಬಂಧವಿಲ್ಲದ ಬದುಕಿನ ಅಪಾಯವನ್ನು ಅದರಲ್ಲಿ ದಿನಕ್ಕೆ 15 ಸಿಗರೇಟು ಸೇದುವುದಕ್ಕೆ ಹೋಲಿಸಲಾಗಿತ್ತು. ಅದೇ ತಿಂಗಳು ಮಕ್ಕಳ ಮೇಲೆ ಸಾಮಾಜಿಕ ಜಾಲತಾಣಗಳ ಪರಿಣಾಮದ ಬಗ್ಗೆ ಇನ್ನೊಂದು ಎಚ್ಚರಿಕೆಯೂ ಅವರಿಂದ ಬಂತು.

ನನ್ನದೇ ತಪ್ಪು

ಇತರರಿಗೆ ಬುದ್ಧಿ ಹೇಳುವ ಮುನ್ನ ನನ್ನ ವಿಷಯ ಹೇಳಬೇಕು. ಕೊರೋನಾ ಕಾಲದಲ್ಲಿ ಅಬ್ಬಾ ಕಾಯಿಲೆ ಬಿದ್ದು ಮನೆಯಲ್ಲಿದ್ದರು. ಪ್ರತಿ ರಾತ್ರಿ ಅವರ ಮಂಚದ ಪಕ್ಕ ಕೂರುತ್ತಿದ್ದೆ. ಕೈಯಲ್ಲಿ ಮೊಬೈಲ್. ಇವತ್ತು ಎಷ್ಟು ಪ್ರಕರಣ, ಎಷ್ಟು ಸಾವು, ಯಾವ ಊರಲ್ಲಿ ಆಕ್ಸಿಜನ್ ಇಲ್ಲ. ವೈದ್ಯನಾದ ನನಗೆ ಇದೆಲ್ಲ ಗೊತ್ತಿರಬೇಕು ಎಂಬ ನೆಪ.

ಒಂದು ರಾತ್ರಿ ಅಬ್ಬಾ ತಮ್ಮ ಬಾಲ್ಯದ ಯಾವುದೋ ಸಂಗತಿ ಹೇಳಲು ಶುರು ಮಾಡಿದರು. ನಾನು ಪರದೆ ನೋಡುತ್ತಲೇ “ಹ್ಞೂಂ” ಎಂದೆ. ಸ್ವಲ್ಪ ಹೊತ್ತಿಗೆ ಅವರು ನಿಲ್ಲಿಸಿದರು. “ಇರಲಿ ಬಿಡು ಬೇಟಾ, ನಿನಗೆ ಕೆಲಸ ಇದೆ” ಎಂದರು. ನನಗೆ ಯಾವ ಕೆಲಸವೂ ಇರಲಿಲ್ಲ. ತಿಂಗಳೊಳಗೆ ಅವರು ತೀರಿಕೊಂಡರು. ಆ ರಾತ್ರಿ ಓದಿದ ಅಂಕಿಸಂಖ್ಯೆಗಳಲ್ಲಿ ಒಂದೂ ಇಂದು ನೆನಪಿಲ್ಲ. ಅಬ್ಬಾ ಏನು ಹೇಳಲು ಹೊರಟಿದ್ದರು ಎಂಬುದು ಮಾತ್ರ ಇನ್ನೆಂದೂ ತಿಳಿಯುವುದಿಲ್ಲ.

ನಂತರ ಒಂದು ಹದೀಸ್ ಕಣ್ಣಿಗೆ ಬಿತ್ತು. ನಸಾಈ ಸಂಗ್ರಹದಲ್ಲಿದೆ. ಪ್ರವಾದಿ(ಸ)ರು ಒಂದು ಉಂಗುರ ಧರಿಸಿದ್ದರು. ತಮ್ಮ ದೃಷ್ಟಿ ಒಮ್ಮೆ ಉಂಗುರದ ಕಡೆಗೆ, ಒಮ್ಮೆ ಎದುರಿಗಿದ್ದ ಸಂಗಾತಿಗಳ ಕಡೆಗೆ ಹೋಗುತ್ತಿದೆ ಎಂದು ಕಂಡಾಗ ಅದನ್ನು ತೆಗೆದು ಹಾಕಿದರು. ಒಂದು ಉಂಗುರಕ್ಕೇ ಹೀಗಾದರೆ ನಮ್ಮ ಕೈಯಲ್ಲಿರುವುದರ ಬಗ್ಗೆ ಏನು ಹೇಳೋಣ? ಅವರು ಯಾರ ಕಡೆಗಾದರೂ ತಿರುಗಿದರೆ ಇಡೀ ದೇಹದೊಂದಿಗೆ ತಿರುಗುತ್ತಿದ್ದರೆಂದೂ ವರದಿಗಳಲ್ಲಿದೆ.

ಹಾಗಾದರೆ ಸುದ್ದಿಯೇ ಬೇಡವೇ?

ಆ ತಾಯಿಯೂ ಇದನ್ನೇ ಕೇಳಿದ್ದರು. “ಅಲ್ಲಿ ಮಕ್ಕಳು ಸಾಯ್ತಾ ಇರುವಾಗ ನಾನು ಮೊಬೈಲ್ ಆಫ್ ಮಾಡಿ ಆರಾಮಾಗಿ ಮಲಗೋದಾ?” ಈ ಪ್ರಶ್ನೆಯಲ್ಲಿ ನೋವಿದೆ, ಅದನ್ನು ಗೌರವಿಸಬೇಕು. ಪೀಡಿತರ ಬಗ್ಗೆ ಮರುಗದ ಮನಸ್ಸು ಆರೋಗ್ಯವಂತ ಮನಸ್ಸಲ್ಲ.

ಆದರೆ ತಿಳಿಯುವುದು ಬೇರೆ, ನೋಡುತ್ತಲೇ ಇರುವುದು ಬೇರೆ. ವಿಷಯ ತಿಳಿಯಲು ಹತ್ತು ನಿಮಿಷ ಸಾಕು. ಉಳಿದ ಎರಡು ಗಂಟೆಯ ನೋಟದಿಂದ ಅಲ್ಲಿನ ಒಂದು ಮಗುವಿಗೂ ಹನಿ ನೀರು ಸಿಗುವುದಿಲ್ಲ. ದುಆ ಮಾಡಿ, ನಂಬಿಕಸ್ಥ ಸಂಸ್ಥೆಯ ಮೂಲಕ ಕೈಲಾದಷ್ಟು ನೆರವು ನೀಡಿ. ಹೀಗೆ ಕೆಲಸಕ್ಕೆ ತಿರುಗಿದ ದುಃಖ ಮನುಷ್ಯನನ್ನು ಗಟ್ಟಿ ಮಾಡುತ್ತದೆ. ಪರದೆಯಲ್ಲೇ ಸುತ್ತುವ ದುಃಖ ಮೊದಲು ನಿದ್ದೆಯನ್ನು ತಿನ್ನುತ್ತದೆ, ಕೊನೆಗೆ ಕರುಣೆಯನ್ನೇ ಒಣಗಿಸುತ್ತದೆ. ನಮಗೆ ಗೊತ್ತಿಲ್ಲದೆ ರಕ್ತ ಕಂಡರೂ ಬೆರಳು ಮುಂದೆ ಜಾರಿಸುವುದನ್ನು ಕಲಿಯುತ್ತೇವೆ.

ಇನ್ನೊಂದು ಅಪಾಯ ಸುಳ್ಳು ಸುದ್ದಿ. 2018ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ, ಟ್ವಿಟರ್‌ನಲ್ಲಿ ನಿಜ ಸುದ್ದಿಗಿಂತ ಸುಳ್ಳು ಸುದ್ದಿಯನ್ನು ಜನ ಹಂಚುವ ಸಾಧ್ಯತೆ ಶೇ. 70ರಷ್ಟು ಹೆಚ್ಚು. ಅದೇ ವರ್ಷ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವದಂತಿ ವಾಟ್ಸ್ಆ್ಯಪ್‌ನಲ್ಲಿ ಹಬ್ಬಿ, ಹೈದರಾಬಾದಿನ ಯುವ ಇಂಜಿನಿಯರ್ ಒಬ್ಬರನ್ನು ಗುಂಪು ಹೊಡೆದು ಕೊಂದಿತು. ಅವರ ತಂಡದ ತಪ್ಪೆಂದರೆ ದಾರಿಯಲ್ಲಿ ಮಕ್ಕಳಿಗೆ ಚಾಕಲೇಟ್ ಕೊಟ್ಟದ್ದು. ಆ ತಿಂಗಳೇ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ಫಾರ್ವರ್ಡ್ ಮಾಡದಂತೆ ಕಂಪೆನಿ ಮಿತಿ ಹಾಕಿತು. ಅಂದು ಒತ್ತಿದ ಬೆರಳುಗಳಲ್ಲಿ ಹೆಚ್ಚಿನವು ಕೊಲೆಗಾರರದ್ದಲ್ಲ, ಮಕ್ಕಳ ಮೇಲೆ ಕಾಳಜಿಯಿದ್ದ ಸಾಮಾನ್ಯ ತಂದೆ ತಾಯಂದಿರದ್ದೇ ಆಗಿರಬೇಕು. ಸುದ್ದಿ ಬಂದಾಗ ವಿಚಾರಿಸಿ ಖಚಿತಪಡಿಸಿಕೊಳ್ಳಬೇಕೆಂದು ಸೂರಃ ಅಲ್ ಹುಜುರಾತ್ ನಮಗೆ ಕಲಿಸುತ್ತದೆ. ಇದು ಅರಿಯದೆ ಯಾರಿಗಾದರೂ ಹಾನಿ ಮಾಡಿ ಆಮೇಲೆ ಪಶ್ಚಾತ್ತಾಪ ಪಡದಿರಲೆಂದು.

ಮನೆಯಲ್ಲಿ ಪಾಲಿಸಬಹುದಾದ ಪಥ್ಯ

1. ಸುದ್ದಿಗೆ ಹೊತ್ತು ಗೊತ್ತು ಮಾಡಿ. ದಿನಕ್ಕೆ ಎರಡು ಬಾರಿ, ಹದಿನೈದು ಇಪ್ಪತ್ತು ನಿಮಿಷ ಸಾಕು. ಪತ್ರಿಕೆ ಓದುವುದು ಇನ್ನೂ ಒಳ್ಳೆಯದು. ಅದಕ್ಕೆ ಕೊನೆಯ ಪುಟವಿದೆ, ಮೊಬೈಲ್‌ಗೆ ಇಲ್ಲ.

2. ಫಜ್ರ್‌ನಿಂದ ತಿಂಡಿಯವರೆಗೆ ಮತ್ತು ಇಶಾದ ನಂತರ ಸುದ್ದಿ ಬೇಡ. ಇಶಾದ ನಂತರ ಅನಗತ್ಯ ಮಾತುಕತೆಯನ್ನು ಪ್ರವಾದಿ(ಸ)ರು ಇಷ್ಟಪಡುತ್ತಿರಲಿಲ್ಲ.

3. ವಿಡಿಯೋಗಳು ತಾವಾಗಿಯೇ ಓಡದಂತೆ, ಸಂದೇಶಗಳು ಸದ್ದು ಮಾಡದಂತೆ ಸೆಟ್ಟಿಂಗ್ ಬದಲಿಸಿ. ನಿಮಗೆ ಗೊತ್ತಾಗದಿದ್ದರೆ ಮಕ್ಕಳನ್ನು ಕೇಳಿ. ಅಗತ್ಯವಿಲ್ಲದ ಗುಂಪುಗಳಿಂದ ಹೊರಬನ್ನಿ.

4. ಚಾರ್ಜರ್ ಮಲಗುವ ಕೋಣೆಯ ಹೊರಗಿರಲಿ. ಫಜ್ರ್‌ಗೆ ಏಳಲು ಹಳೆಯ ಅಲಾರಂ ಗಡಿಯಾರ ಸಾಕು. ಕೊಲ್ಲಿ ರಾಷ್ಟ್ರದಲ್ಲಿರುವ ಮಗನ ಕರೆ ಬರಬಹುದೆಂಬ ಚಿಂತೆ ಇದ್ದರೆ ರಿಂಗ್ ಕೇಳಿಸುವಂತೆ ಹಜಾರದಲ್ಲಿಡಿ.

5. ದಸ್ತರ್‌ಖಾನ್ ಹಾಸಿದಾಗ ಎಲ್ಲರ ಮೊಬೈಲ್ ದೂರವಿರಲಿ. ಈ ನಿಯಮ ಮೊದಲು ಹಿರಿಯರಿಗೆ, ಆಮೇಲೆ ಮಕ್ಕಳಿಗೆ.

6. ಪುಟ್ಟ ಮಕ್ಕಳಿಗೆ ಊಟ ಮಾಡಿಸಲು ಮೊಬೈಲ್ ಕೊಡಬೇಡಿ. ಒಂದು ವರ್ಷದೊಳಗಿನ ಮಗುವಿಗೆ ಪರದೆಯೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ.

7. ಅಸರ್ ನಂತರ ಅರ್ಧ ಗಂಟೆ ನಡೆಯಿರಿ. ಪತ್ನಿ, ಮಗ, ನೆರೆಯವರು ಯಾರಾದರೂ ಜೊತೆಗಿರಲಿ. ದೇಹದ ಚಲನೆಯೂ ಮನಸ್ಸಿನ ವಿಶ್ರಾಂತಿಯೂ ಒಟ್ಟಿಗೆ ಆಗುತ್ತದೆ.

8. ಹತ್ತು ಫಾರ್ವರ್ಡ್‌ಗಳ ಬದಲು ಒಂದು ಭೇಟಿ. ರೋಗಿಯನ್ನು ನೋಡಿ ಬನ್ನಿ, ಒಂಟಿಯಾಗಿರುವ ಅತ್ತೆ, ಮಾವನ ಮನೆಗೆ ಹೋಗಿ. ಹೋಗಲಾಗದಿದ್ದರೆ ಕರೆ ಮಾಡಿ ಮಾತಾಡಿ.

9. ಸಂಜೆಯ ನಂತರ ಚಹಾ, ಕಾಫಿ ಬಿಡಿ. ರಾತ್ರಿ ಊಟ ಬೇಗ, ಹಗುರವಾಗಿ ಆಗಲಿ. ಮಲಗುವ ಮುನ್ನ ಬಾದಾಮಿ ಎಣ್ಣೆಯನ್ನು ನೆತ್ತಿಗೂ ಅಂಗಾಲಿಗೂ ಮೆಲ್ಲಗೆ ತಿಕ್ಕಿಸಿಕೊಳ್ಳಬಹುದು. ಇದನ್ನು ಮಗ, ಸೊಸೆ ಅಥವಾ ಮೊಮ್ಮಗಳು ಮಾಡಿದರೆ ಹಿರಿಯರಿಗೆ ಎರಡು ಲಾಭ. ನಿದ್ದೆಯ ಮಾತ್ರೆಯಾಗಲಿ ಯುನಾನಿ ಔಷಧಿಯಾಗಲಿ ಕೇಳಿ ತಿಳಿಯದೆ ತೆಗೆದುಕೊಳ್ಳಬೇಡಿ.

ವೈದ್ಯರನ್ನು ಯಾವಾಗ ನೋಡಬೇಕು?

ಎರಡು ವಾರ ಈ ಪಥ್ಯ ಮಾಡಿದರೂ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಎದೆಬಡಿತ ನಿಲ್ಲದಿದ್ದರೆ ವೈದ್ಯರನ್ನು ಕಾಣಿ. ಎದೆನೋವು, ಉಸಿರುಗಟ್ಟುವಿಕೆ ಇದ್ದರೆ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಿ. ಬದುಕೇ ಬೇಡ ಎನ್ನುವ ಯೋಚನೆ ಬಂದರೆ ಮುಚ್ಚಿಡಬೇಡಿ, ಅದು ಈಮಾನಿನ ಕೊರತೆಯಲ್ಲ, ಚಿಕಿತ್ಸೆ ಇರುವ ಕಾಯಿಲೆ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಆ ತಾಯಿ ತಿಂಗಳ ನಂತರ ಬಂದರು. ನಿದ್ದೆ ಪೂರ್ತಿ ಸರಿಹೋಗಿರಲಿಲ್ಲ, ಆದರೆ ಹನ್ನೆರಡರೊಳಗೆ ಕಣ್ಣು ಹತ್ತುತ್ತಿತ್ತು. ಎದೆಬಡಿತ ಕಡಿಮೆಯಾಗಿತ್ತು. ಗುಂಪುಗಳು ಹನ್ನೊಂದರಿಂದ ಮೂರಕ್ಕೆ ಇಳಿದಿದ್ದವು. “ಈಗ ಸೊಸೆ ರಾತ್ರಿ ನನ್ನ ಕಾಲಿಗೆ ಎಣ್ಣೆ ಹಚ್ತಾಳೆ. ಅವಳ ತವರಿನ ಕಷ್ಟ ನನಗೆ ಇಷ್ಟು ದಿನ ಗೊತ್ತೇ ಇರ್ಲಿಲ್ಲ ಹಕೀಮ್ ಸಾಹೇಬರೇ” ಎಂದರು.

ಒಂದೇ ಸೂರಿನ ಕೆಳಗಿದ್ದ ಸುದ್ದಿ ಅದು. ಇಂದು ರಾತ್ರಿ ನಿಮ್ಮ ಮನೆಯಲ್ಲೂ ಯಾರಾದರೂ ಏನಾದರೂ ಹೇಳಲು ಶುರು ಮಾಡಬಹುದು. ಮೊಬೈಲ್ ಕೆಳಗಿಟ್ಟು ಪೂರ್ತಿ ಕೇಳಿ.