ಇಳಿದ ಜಾಗ ಬರೆದಿಡಿ

ಅಲಾಸ್ಕದಲ್ಲಿ ದಪ್ಪ ಟೈರಿನ ಸೂಪರ್ ಕಬ್ ಹಾರಿಸುತ್ತೀರಿ, ಹೊಳೆ ನಡುವಿನ ಜಲ್ಲಿದಿಬ್ಬದ ಮೇಲೂ ಸಲೀಸಾಗಿ ಇಳಿಸುತ್ತೀರಿ. ಶಭಾಷ್! ಆದರೆ ಲಾಗ್‌ಬುಕ್ಕಿನಲ್ಲಿ ಬರೆಯುವುದೇನು? ‘ನದಿ ದಂಡೆ’. ಯಾವ ನದಿ, ಎಲ್ಲಿಯ ದಂಡೆ? ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗಾಯಿತಲ್ಲ!

ಲೈಸೆನ್ಸಿಗೋ ರೇಟಿಂಗಿಗೋ ಲೆಕ್ಕ ಕೊಡಬೇಕಾದ ಹಾರಾಟದಲ್ಲಿ ಎಲ್ಲಿಂದ ಹೊರಟಿರಿ, ಎಲ್ಲಿ ಇಳಿದಿರಿ ಎಂದು ಬರೆಯಲೇಬೇಕು. ಅಮೆರಿಕದ ವಿಮಾನಯಾನ ನಿಯಮ 61.51 ಹೇಳುವುದು ಅದನ್ನೇ. ಆ ಜಾಗಕ್ಕೆ ನಿಲ್ದಾಣದ ಕೋಡ್ ಇರಬೇಕೆಂದು ಅದರಲ್ಲಿಲ್ಲ. ಹಾಗಂತ ಖಾನೆ ಖಾಲಿ ಬಿಡಬೇಡಿ, ಹೊರಟ ನಿಲ್ದಾಣವನ್ನೇ ಎರಡೂ ಕಡೆ ಗೀಚಬೇಡಿ. ಪ್ರೈವೇಟ್ ಲೈಸೆನ್ಸಿಗೆ ಕ್ರಾಸ್ ಕಂಟ್ರಿ ಗಂಟೆ ತೋರಿಸಲು ಹೊರಟಲ್ಲಿಂದ ನೇರ ದೂರದಲ್ಲಿ 50 ನಾಟಿಕಲ್ ಮೈಲಿ ದಾಟಿ ಇಳಿದಿರಬೇಕು. ನಿಮ್ಮ ಜಲ್ಲಿದಿಬ್ಬ 48ರಲ್ಲಿತ್ತೋ 52ರಲ್ಲಿತ್ತೋ ಎಂದು ಪರೀಕ್ಷಕರು ಕೇಳಿದರೆ ಏನು ಹೇಳುತ್ತೀರಿ?

ಖಾನೆ ಚಿಕ್ಕದು, ನಿಜ. ಗೊತ್ತಿರುವ ಒಂದು ನಿಲ್ದಾಣ, ಅಲ್ಲಿಂದ ದಿಕ್ಕು, ದೂರ, ಇಷ್ಟು ಹಿಡಿಸುತ್ತದೆ: ‘ಲೇಕ್ ಹುಡ್, ಈಶಾನ್ಯಕ್ಕೆ 30, ಕ್ನಿಕ್ ನದಿ’. ಬರೀ ಹೊಳೆಯ ಹೆಸರು ನೆಚ್ಚಬೇಡಿ. ಅಲಾಸ್ಕದಲ್ಲಿ ಮೂಸ್ ಕ್ರೀಕ್‌ಗಳು ಒಂದೆರಡಲ್ಲ. ಹಿಮನದಿಯಿಂದ ಹುಟ್ಟಿದ ಹೊಳೆಗಳಂತೂ ದಾರಿ ಬದಲಿಸುತ್ತಲೇ ಇರುತ್ತವೆ, ಈ ಬೇಸಿಗೆಯ ದಿಬ್ಬ ಬರುವ ಬೇಸಿಗೆಗೆ ನೀರಿನಡಿ ಹೋಗಿರಬಹುದು. ಅದಕ್ಕೇ ಷರಾದಲ್ಲಿ ಅಕ್ಷಾಂಶ, ರೇಖಾಂಶ ಬೇಕು.

ಇಲ್ಲಿಯೇ ಬಹಳ ಜನ ಎಡವುವುದು. 61.30 ಡಿಗ್ರಿ ಬೇರೆ, 61 ಡಿಗ್ರಿ 30 ಮಿನಿಟು ಬೇರೆ. ಮೊದಲನೆಯದು ನಿಜವಾಗಿ 61 ಡಿಗ್ರಿ 18 ಮಿನಿಟು. ಅಕ್ಷಾಂಶದ ಒಂದು ಮಿನಿಟು ಒಂದು ನಾಟಿಕಲ್ ಮೈಲಿಯಾದ್ದರಿಂದ, ಚುಕ್ಕಿಯೊಂದು ಆಚೀಚೆಯಾದರೆ ನಿಮ್ಮ ವಿಮಾನ ಹನ್ನೆರಡು ಮೈಲಿ ಆಚೆ ಹೋಗಿ ಕೂರುತ್ತದೆ! ಪಶ್ಚಿಮ ಎಂದು ಬರೆಯುವುದನ್ನೋ ಮೈನಸ್ ಗುರುತನ್ನೋ ಮರೆತರಂತೂ ಕೇಳಲೇಬೇಡಿ: ಆಂಕರೇಜ್ ಪಕ್ಕ ಇಳಿದವರು ನಕ್ಷೆಯಲ್ಲಿ ರಷ್ಯಾದ ಮಗದಾನ್ ಕಡೆ ತೇಲುತ್ತೀರಿ. ಒಂದೇ ಪದ್ಧತಿ ಹಿಡಿಯಿರಿ, ಪುಸ್ತಕದ ಮೊದಲ ಪುಟದಲ್ಲೇ ಅದನ್ನು ಬರೆದಿಡಿ.

ಬರೆಯುವುದು ಯಾವಾಗ? ಎಂಜಿನ್ ನಿಂತ ಕೂಡಲೇ, ಕಾಫಿ ಫ್ಲಾಸ್ಕ್ ತೆರೆಯುವ ಮೊದಲು. ಟ್ಯಾಬ್ಲೆಟ್ಟಿನಲ್ಲಿದೆ ಬಿಡಿ ಎನ್ನುತ್ತೀರಿ; ಅಲ್ಲಿಯ ಚಳಿಗೆ ಬ್ಯಾಟರಿ ಕೈಕೊಟ್ಟರೆ? ಜೇಬಿನಲ್ಲಿ ಸಣ್ಣ ಪುಸ್ತಕ, ಒಂದು ಪೆನ್ಸಿಲ್ ಇರಲಿ, ಪೆನ್ನಿನ ಇಂಕು ಹೆಪ್ಪುಗಟ್ಟುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಕೂತು ಇಡೀ ವರ್ಷದ್ದನ್ನು ನೆನಪಿಸಿಕೊಂಡು ತುಂಬಿಸುವವರನ್ನು ಕಂಡು ನಗಬೇಕೋ ಬೈಯಬೇಕೋ ತಿಳಿಯದು. ಸಂತೆ ಹೊತ್ತಿಗೆ ಮೂರು ಮೊಳ ನೇಯ್ದರಂತೆ!

ಇಳಿಯುವ ಮೊದಲು ಜಾಗ ಯಾರದ್ದೆಂದು ನೋಡಿಕೊಳ್ಳಿ. ಖಾಸಗಿ ನೆಲವಾದರೆ ಒಡೆಯರನ್ನು ಕೇಳಿ. ಅಲಾಸ್ಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಮಾಮೂಲಿ ರೆಕ್ಕೆಯ ವಿಮಾನಕ್ಕೆ ಬಹುತೇಕ ಕಡೆ ಅನುಮತಿಯಿದೆ, ಡೆನಾಲಿಯ ಹಳೆಯ ಉದ್ಯಾನದ ಭಾಗದಲ್ಲಿಲ್ಲ. ಹೆಲಿಕಾಪ್ಟರಿಗೆ ಗೊತ್ತುಪಡಿಸಿದ ಜಾಗವೋ ಪರವಾನಗಿಯೋ ಬೇಕೇ ಬೇಕು. ಪರವಾನಗಿ ಸಿಕ್ಕಿದ್ದರೆ ಅದರ ಸಂಖ್ಯೆಯನ್ನೂ ಅದೇ ಷರಾದಲ್ಲಿ ಬರೆದುಬಿಡಿ.