ಕಾರ್ವಿ ಹೂವಾದ ವರ್ಷ

ಗೋವೆಯ ಸತ್ತರಿ ತಾಲ್ಲೂಕಿನ ಚೋರ್ಲಾ ಘಟ್ಟದಲ್ಲಿ ಬೆಳೆಯುವ ಕಾರ್ವಿ ಗಿಡವನ್ನು ನಾವು ಬೇಲಿಗೂ ಗುಡಿಸಲ ತಟ್ಟಿಗೂ ಬಲ್ಲೆವು. ಅದರ ನೇರಳೆ ಹೂವನ್ನು ಕಂಡವರು ಕಡಿಮೆ. ನೀಲಕುರಿಂಜಿಯ ಬಳಗದ ಈ ಗಿಡ ಏಳೆಂಟು ವರ್ಷಕ್ಕೊಮ್ಮೆ, ಮಳೆಗಾಲದ ಕೊನೆಯಲ್ಲಿ, ಗುಡ್ಡವೆಲ್ಲ ಒಟ್ಟಿಗೆ ಹೂವಾಗಿ, ಬೀಜ ಕಟ್ಟಿ ಸಾಯುತ್ತದೆ. ಜೇನಿಗಂತೂ ಅದು ಸುಗ್ಗಿಯೇ ಸರಿ. ಒಣಗಿದ ಕಾಯಿಗಳು ಬೇಸಿಗೆಯನ್ನೆಲ್ಲ ಗಿಡದ ಮೇಲೆಯೇ ಕಳೆದು, ಮರುವರ್ಷದ ಮೊದಲ ಮಳೆಗೆ ಚಟಚಟನೆ ಸಿಡಿದು ಬೀಜ ಚೆಲ್ಲುತ್ತವೆ. ಆದ್ದರಿಂದ ಗಿಡ ಒಣಗಿತೆಂದು ಅದಕ್ಕೆ ಮೊದಲೇ ಕಡಿದರೆ, ಹುಲ್ಲು ಚಿಗುರಲೆಂದು ಬೆಂಕಿಯಿಟ್ಟರೆ, ಮುಂದಿನ ಪೀಳಿಗೆಯೇ ಹೋದಂತೆ. 1999ರಲ್ಲಿ ಘೋಷಿತವಾದ ಮಹದಾಯಿ ಅಭಯಾರಣ್ಯದೊಳಗೆ ಕಡಿಯುವ ಮಾತೇ ಇಲ್ಲ. ಹೊರಗಿನ ಗುಡ್ಡಗಳಲ್ಲಿ ಕಾಯಿ ಸಿಡಿದ ಮೇಲೆ ಕಡ್ಡಿ ತರೋಣ. ಬೇಲಿಗೆ ಆಗಲೂ ಅದು ಒದಗುತ್ತದೆ.