ಓದಿ ಸುಖಪಡಿ, ಬರೆದು ಮುಗಿಸಿ

ನೀವು ಪ್ರೇಮ ಕಾದಂಬರಿ ಓದುತ್ತೀರಿ, ಆದರೆ ಯಾರಾದರೂ ಕೇಳಿದರೆ ಬೇರೆ ಪುಸ್ತಕದ ಹೆಸರು ಹೇಳುತ್ತೀರಿ. ಒಂದು ಕಾದಂಬರಿ ಬರೆಯುತ್ತಲೂ ಇದ್ದೀರಿ, ಅದನ್ನಂತೂ ಮನೆಯವರಿಗೂ ತಿಳಿಸಿಲ್ಲ. ಮೊದಲು ಈ ಮುಜುಗರ ಬಿಡಿ. ಹೆಂಗಸರು ಬರೆದದ್ದನ್ನು ಅಡುಗೆಮನೆ ಸಾಹಿತ್ಯವೆಂದು ಮೂಗು ಮುರಿದವರು ನಮ್ಮಲ್ಲಿ ಬಹಳ ಜನ ಇದ್ದರು. ತ್ರಿವೇಣಿ ಅದಕ್ಕೆ ಕಿವಿಗೊಡದೆ ಬರೆದರು. 1963ರಲ್ಲಿ, 35 ತುಂಬುವ ಮೊದಲೇ ತೀರಿಕೊಂಡರೂ ಅವರ ಪುಸ್ತಕಗಳಿಗೆ ಇವತ್ತಿಗೂ ಓದುಗರಿದ್ದಾರೆ. ಅದೇ 1963ರಲ್ಲಿ ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ ‘ತುಂಗಭದ್ರಾ’ ಬಂತು. ಅವರು ಹುಟ್ಟಿದ್ದು 1917ರಲ್ಲಿ. ಲೆಕ್ಕ ಹಾಕಿ ನೋಡಿ, ಆಮೇಲೆ ‘ನನಗೆ ವಯಸ್ಸಾಯಿತು’ ಎನ್ನುವ ಮಾತನ್ನು ನನ್ನ ಮುಂದೆ ಎತ್ತಬೇಡಿ.

ಈಗ ಓದಿನ ವಿಷಯಕ್ಕೆ ಬರೋಣ. ಬರೆಯಲು ಶುರು ಮಾಡಿದ ಮೇಲೆ ಕೆಲವರು ಓದುವುದನ್ನೇ ನಿಲ್ಲಿಸಿಬಿಡುತ್ತಾರೆ, ಬೇರೆಯವರ ಛಾಯೆ ಬೀಳುತ್ತದೆ ಎಂಬ ಹೆದರಿಕೆಗೆ. ಇನ್ನು ಕೆಲವರು ಪ್ರತಿ ಪುಟಕ್ಕೂ ಗೆರೆ ಹಾಕುತ್ತಾ, ಪರೀಕ್ಷೆಗೆ ಕೂತವರ ಹಾಗೆ ಓದುತ್ತಾರೆ. ಎರಡೂ ಬೇಡ. ಮೊದಲ ಸಲ ಪುಸ್ತಕವನ್ನು ಬರೀ ಸುಖಕ್ಕೆ ಓದಿ. ನಗು ಬಂದರೆ ನಗಿ, ಅಳು ಬಂದರೆ ಅಳಿ, ರಾತ್ರಿ ಒಂದು ಗಂಟೆಯಾದರೂ ಪರವಾಗಿಲ್ಲ. ಎಲ್ಲಿ ನಿಮಗೆ ಪುಸ್ತಕ ಕೆಳಗಿಡಲು ಆಗಲಿಲ್ಲವೋ ಆ ಪುಟದ ಸಂಖ್ಯೆಯನ್ನು ಮಾತ್ರ ನೆನಪಿಟ್ಟುಕೊಳ್ಳಿ. ಒಂದು ವಾರ ಬಿಟ್ಟು ಅದೇ ಪುಟಕ್ಕೆ ಹೋಗಿ, ಆಗ ನೋಟ್‌ಬುಕ್ ತೆಗೆಯಿರಿ.

ಏನು ಬರೆದುಕೊಳ್ಳಬೇಕು? ಚೆಂದದ ವಾಕ್ಯಗಳನ್ನಲ್ಲ. ಇಬ್ಬರೂ ಮೊದಲು ಎದುರಾದದ್ದು ಎಲ್ಲಿ, ಮೊದಲ ಜಗಳ ಯಾವುದಕ್ಕೆ, ಕಥೆ ತಿರುಗಿದ್ದು ಎಷ್ಟನೇ ಅಧ್ಯಾಯದಲ್ಲಿ, ಯಾವ ಸಂಗತಿಯನ್ನು ಲೇಖಕರು ನಮಗೆ ಹೇಳಿ ನಾಯಕಿಗೆ ಹೇಳಲಿಲ್ಲ, ಇವನ್ನು ಬರೆದುಕೊಳ್ಳಿ. ಜೇನ್ ಆಸ್ಟಿನ್ ಅವರ ‘ಪ್ರೈಡ್ ಅಂಡ್ ಪ್ರೆಜುಡೀಸ್’ ತೆಗೆದು ನೋಡಿ. ಒಟ್ಟು 61 ಅಧ್ಯಾಯ. ಡಾರ್ಸಿ ಮದುವೆಯ ಮಾತೆತ್ತಿ ಎಲಿಜಬೆತ್ ಕೈಯಲ್ಲಿ ಚೆನ್ನಾಗಿ ಅನ್ನಿಸಿಕೊಳ್ಳುವುದು 34ನೆಯದರಲ್ಲಿ, ಅಂದರೆ ನಡುಮಧ್ಯ ದಾಟಿದ ಕೂಡಲೇ. ಮರುದಿನ ಅವನು ಒಂದು ಉದ್ದನೆಯ ಪತ್ರ ಅವಳ ಕೈಗಿಟ್ಟು ಹೋಗುತ್ತಾನೆ. ಅಲ್ಲಿಂದಾಚೆಗೆ ಅವಳು ಅವನನ್ನೂ ತನ್ನನ್ನೂ ಹೊಸದಾಗಿ ನೋಡಬೇಕಾಗುತ್ತದೆ. ಅಷ್ಟು ಹೊತ್ತು ಇಬ್ಬರನ್ನೂ ತಪ್ಪು ದಾರಿಯಲ್ಲಿ ನಡೆಸಿದ್ದಕ್ಕೇ ಆ ಪತ್ರಕ್ಕೆ ಅಷ್ಟು ತೂಕ. ನಿಮ್ಮ ಕಾದಂಬರಿಯಲ್ಲಿ ನಾಯಕ ನಾಯಕಿ ಮೂರನೇ ಅಧ್ಯಾಯಕ್ಕೇ ಮನಸ್ಸು ಬಿಚ್ಚಿ ಮಾತಾಡಿಬಿಟ್ಟರೆ ಉಳಿದ ಇಪ್ಪತ್ತು ಅಧ್ಯಾಯ ಅವರೇನು ಮಾಡಬೇಕು, ಹೇಳಿ? ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಪ್ರೇಮ ಕಾದಂಬರಿಯ ಓದುಗರಿಗೆ ಕೊನೆಯಲ್ಲಿ ಇಬ್ಬರೂ ಸೇರುತ್ತಾರೆ ಎಂಬುದು ಮೊದಲೇ ಗೊತ್ತು. ಗೊತ್ತಿದ್ದೂ ಓದುವುದು ಯಾಕೆ? ಇನ್ನೂ ಯಾಕೆ ಸೇರಲಿಲ್ಲ ಎಂದು ತಿಳಿಯುವುದಕ್ಕೆ. ಆದ್ದರಿಂದ ಇಬ್ಬರ ನಡುವಿನ ತಡೆಯೇ ನಿಮ್ಮ ಕಾದಂಬರಿಯ ಬೆನ್ನೆಲುಬು. ಅದರಲ್ಲೇ ನೀವು ಸೋಮಾರಿತನ ಮಾಡುತ್ತೀರಿ. ಅವನು ತಂಗಿಯ ಜೊತೆ ಹೋಟೆಲಿನಲ್ಲಿ ಕೂತದ್ದನ್ನು ಇವಳು ದೂರದಿಂದ ನೋಡಿ, ಬೇರೆ ಯಾರೋ ಎಂದು ತಿಳಿದು, ಆರು ತಿಂಗಳು ಮಾತು ಬಿಡುವುದು! ಒಂದು ಫೋನಿನಲ್ಲಿ ಬಗೆಹರಿಯುವುದು ತಡೆಯಲ್ಲ. ಸ್ಯಾಲಿ ಥಾರ್ನ್ ಅವರ ‘ದ ಹೇಟಿಂಗ್ ಗೇಮ್’ ನಿಮ್ಮಲ್ಲಿ ಎಷ್ಟೋ ಜನ ಓದಿರುತ್ತೀರಿ. ಅಲ್ಲಿ ಇಬ್ಬರೂ ಒಂದೇ ಕಚೇರಿಯಲ್ಲಿ ಎದುರುಬದುರು ಕೂರುತ್ತಾರೆ, ಒಂದೇ ಬಡ್ತಿಗೆ ಇಬ್ಬರೂ ಸ್ಪರ್ಧಿಗಳು. ಒಬ್ಬರು ಗೆದ್ದರೆ ಇನ್ನೊಬ್ಬರು ಸೋಲಲೇಬೇಕು. ಇದು ಮಾತಾಡಿ ಬಗೆಹರಿಸುವ ವಿಷಯವಲ್ಲ, ಇದು ತಡೆ.

ನಮ್ಮಲ್ಲಿ ತಡೆಗೇನು ಬರಗಾಲವೇ? ಜಾತಿ ಇದೆ, ಆಸ್ತಿ ಇದೆ, ವಯಸ್ಸಾದ ತಂದೆತಾಯಿ ಇದ್ದಾರೆ, ಮದುವೆಯಾಗದ ಅಕ್ಕ ಇದ್ದಾಳೆ, ಒಬ್ಬರಿಗೆ ಕಲಬುರಗಿಗೂ ಇನ್ನೊಬ್ಬರಿಗೆ ಮಡಿಕೇರಿಗೂ ಸರಕಾರಿ ವರ್ಗಾವಣೆ ಇದೆ. ತ್ರಿವೇಣಿಯವರ ‘ಬೆಳ್ಳಿಮೋಡ’ವನ್ನು ಮತ್ತೊಮ್ಮೆ ಓದಿ. ಇಂದಿರೆ ಒಬ್ಬಳೇ ಮಗಳು, ಆಸ್ತಿಯೆಲ್ಲ ಅವಳದೇ ಎಂದಿದ್ದಾಗ ಮೋಹನನಿಗೆ ಅವಳು ಬೇಕಾಗಿದ್ದಳು. ಆ ಮನೆಗೆ ಒಂದು ಗಂಡುಮಗು ಹುಟ್ಟಿದ್ದೇ ಅವನ ಮನಸ್ಸು ಬದಲಾಯಿತು. ಖಳನಾಯಕನೂ ಇಲ್ಲ, ಕದ್ದ ಪತ್ರವೂ ಇಲ್ಲ, ಒಂದು ತೊಟ್ಟಿಲು ಸಾಕಾಯಿತು. ಕೊನೆಯಲ್ಲಿ ಅವನು ಬುದ್ಧಿ ಬಂದು ಕೇಳಿದಾಗ ಅವಳು ಒಲ್ಲೆ ಎನ್ನುತ್ತಾಳೆ. ಪುಟ್ಟಣ್ಣ ಕಣಗಾಲ್ 1967ರಲ್ಲಿ ಇದನ್ನು ಸಿನಿಮಾ ಮಾಡಿದಾಗಲೂ ಆ ‘ಒಲ್ಲೆ’ ಉಳಿಯಿತು.

ನೀವೂ ಹಾಗೇ ಮುಗಿಸಬೇಕೆಂದು ನಾನು ಹೇಳುತ್ತಿಲ್ಲ. ಇವತ್ತು ರೊಮಾನ್ಸ್ ಎಂದು ಹೆಸರು ಹೊತ್ತ ಪುಸ್ತಕ ಕೊಳ್ಳುವವರಿಗೆ ಕೊನೆಯಲ್ಲಿ ಸುಖ ಬೇಕು, ಇಲ್ಲವೇ ಸುಖದ ಭರವಸೆಯಾದರೂ ಬೇಕು. ಆ ಹೆಸರಿಟ್ಟು ಕೊನೆಯ ಪುಟದಲ್ಲಿ ನಾಯಕನನ್ನು ಅಪಘಾತದಲ್ಲಿ ಸಾಯಿಸಿದರೆ ಅದು ಓದುಗರಿಗೆ ಮಾಡಿದ ಮೋಸ. ಇಂದಿರೆಯಂಥ ಕೊನೆ ಬೇಕಿದ್ದರೆ ಧಾರಾಳವಾಗಿ ಬರೆಯಿರಿ, ಆದರೆ ಅದನ್ನು ಮೊದಲ ಅಧ್ಯಾಯ ಬರೆಯುವಾಗಲೇ ನಿಶ್ಚಯ ಮಾಡಿಕೊಳ್ಳಿ. ಹೂಂ ಆಗಲಿ, ಒಲ್ಲೆ ಆಗಲಿ, ಅದು ಆ ಹುಡುಗಿಯ ಸ್ವಭಾವದಿಂದ ಬರಬೇಕು.

ಇನ್ನೊಂದು ಮಾತು, ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ನವಿಲನ್ನು ನೋಡಿ ಕೆಂಬೂತ ಪುಕ್ಕ ಕೆದರಬಾರದು. ಇಂಗ್ಲಿಷ್ ಕಾದಂಬರಿ ಓದಿದ ಗುಂಗಿನಲ್ಲಿ ನಿಮ್ಮ ನಾಯಕಿ ಹಾಸನದಲ್ಲಿದ್ದುಕೊಂಡು ಕಿಟಕಿಯಾಚೆ ಹಿಮ ಬೀಳಲಿ ಎಂದು ಹಂಬಲಿಸುತ್ತಾಳೆ, ವಾರಾಂತ್ಯಕ್ಕೆ ಒಬ್ಬಳೇ ಸರೋವರದ ಪಕ್ಕದ ಕಟ್ಟಿಗೆ ಮನೆಗೆ ಹೋಗುತ್ತಾಳೆ, ಮನೆಯಲ್ಲಿ ಎಲ್ಲಿಗೆ ಎಂದು ಕೇಳುವವರೇ ಇಲ್ಲ. ಅವಳಿಗೆ ಅಮ್ಮ ಇಲ್ಲವೇ, ಪಕ್ಕದ ಮನೆಯವರಿಲ್ಲವೇ, ತಿಂಗಳ ಕೊನೆ ಇಲ್ಲವೇ? ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆಯಬೇಡಿ. ವೈಟ್‌ಫೀಲ್ಡಿನಲ್ಲಿ ಕೆಲಸ ಮಾಡಿ ಬನಶಂಕರಿಯ ಮನೆಗೆ ಮೆಟ್ರೊದಲ್ಲಿ ಹೋಗುವ ಹುಡುಗಿಯನ್ನು ತೆಗೆದುಕೊಳ್ಳಿ. ಅವಳು ನೇರಳೆ ಮಾರ್ಗದಲ್ಲಿ ಬಂದು ಮೆಜೆಸ್ಟಿಕ್ಕಿನಲ್ಲಿ ಇಳಿದು ಹಸಿರು ಮಾರ್ಗಕ್ಕೆ ಬದಲಾಯಿಸುತ್ತಾಳೆ. ಸಂಜೆ ಆರೂವರೆಗೆ ಆ ಮೆಟ್ಟಿಲ ಮೇಲೆ ದಿನವೂ ಒಂದೇ ಹೊತ್ತಿಗೆ ಎದುರಾಗುವ ಒಂದು ಮುಖ ಸಾಕು, ನಿಮಗೆ ಇಡೀ ಮೊದಲ ಅಧ್ಯಾಯ ಸಿಕ್ಕಿತು.

ಅವರಿಬ್ಬರ ಮಾತನ್ನು ಬರೆದ ಮೇಲೆ ಗಟ್ಟಿಯಾಗಿ ಓದಿ. ಬಾಯಿಗೆ ಬರದಿದ್ದರೆ ಹೊಡೆದು ಹಾಕಿ. ‘ನಾನು ನಿನ್ನೊಂದಿಗೆ ಸಂಬಂಧದಲ್ಲಿರಲು ಸಿದ್ಧಳಿಲ್ಲ’ ಎಂದು ಯಾವ ಹುಡುಗಿಯೂ ಹೇಳುವುದಿಲ್ಲ. ‘ಇದೆಲ್ಲ ಬೇಡ ಕಣೋ, ಮನೇಲಿ ಒಪ್ಪಲ್ಲ’ ಎನ್ನುತ್ತಾಳೆ, ಇಲ್ಲವೇ ಸುಮ್ಮನೆ ಫೋನ್ ಇಡುತ್ತಾಳೆ. ಕಾಸರಗೋಡಿನ ಕಡೆಯವಳು, ಧಾರವಾಡದವಳು, ಮಂಡ್ಯದವಳು ಒಂದೇ ಥರ ಮಾತಾಡುವುದೂ ಇಲ್ಲ. ಮತ್ತೆ, ಬಹುವಚನದಲ್ಲಿ ಮಾತಾಡುತ್ತಿದ್ದವರು ಏಕವಚನಕ್ಕೆ ಇಳಿಯುವ ಗಳಿಗೆಯನ್ನು ನೀವು ಗಮನವಿಲ್ಲದೆ ಕಳೆಯುತ್ತೀರಿ. ಒಂದು ಪುಟದಲ್ಲಿ ಬನ್ನಿ, ಮುಂದಿನ ಪುಟದಲ್ಲಿ ಬಾ, ಅದರ ಮುಂದೆ ಮತ್ತೆ ಬನ್ನಿ. ಅದು ಯಾವ ಅಧ್ಯಾಯದಲ್ಲಿ, ಯಾರ ಬಾಯಿಂದ ಮೊದಲು ಬರಬೇಕೆಂದು ಯೋಚಿಸಿ ಇಡಿ. ಕನ್ನಡದ ಓದುಗರಿಗೆ ಹತ್ತು ಮುತ್ತುಗಳಿಗಿಂತ ಅದು ಹೆಚ್ಚು ಕೆಲಸ ಮಾಡುತ್ತದೆ.

ಹೃದಯವನ್ನು ಪದೇ ಪದೇ ಬಡಿಸಬೇಡಿ. ಎದೆ ಡವಡವ, ಕಣ್ಣಲ್ಲಿ ಮಿಂಚು, ಮೈಯಲ್ಲಿ ಪುಳಕ, ಒಂದೊಂದು ಸಲ ಸಾಕು. ಪ್ರೀತಿ ಕೆಲಸದಲ್ಲಿ ಕಾಣಲಿ. ಆಫೀಸಿನ ಕ್ಯಾಂಟೀನಿನಲ್ಲಿ ಹುಡುಗ ಎರಡು ಕಾಫಿ ತರುತ್ತಾನೆ. ನಾಯಕ ತಲೆಯೆತ್ತದೆ, ಲ್ಯಾಪ್‌ಟಾಪಿನಲ್ಲೇ ಕಣ್ಣಿಟ್ಟು, ‘ಮೇಡಂದು ಸಕ್ಕರೆ ಇಲ್ಲದ್ದು’ ಎನ್ನುತ್ತಾನೆ. ಅವಳು ಅದನ್ನು ಅವನಿಗೆ ಎಂದೂ ಹೇಳಿರಲಿಲ್ಲ. ಇಷ್ಟು ಬರೆದು ಮುಂದೆ ಹೋಗಿ. ಅವಳಿಗೆ ಏನನ್ನಿಸಿತು ಎಂದು ನಾಲ್ಕು ಸಾಲು ವಿವರಿಸಿದರೆ ಇದ್ದ ರುಚಿಯೂ ಹೋಗುತ್ತದೆ.

ಬೇಡ ಎಂದವಳನ್ನು ಬಸ್‌ಸ್ಟ್ಯಾಂಡಿನಿಂದ ಮನೆಯವರೆಗೆ ಹಿಂಬಾಲಿಸುವ ನಾಯಕನನ್ನು ಇನ್ನಾದರೂ ಬಿಟ್ಟುಬಿಡಿ. ಹಾಗೆ ಬೆನ್ನು ಬೀಳುವುದು 2013ರಿಂದಲೇ ಈ ದೇಶದಲ್ಲಿ ಪ್ರತ್ಯೇಕ ಅಪರಾಧ. ಸಿನಿಮಾ ನೋಡಿ ನೋಡಿ ನಮಗದು ಪ್ರೀತಿಯ ಹಾಗೆ ಕಾಣುತ್ತಿತ್ತು. ಒಲ್ಲೆ ಎಂದಾಗ ಮರ್ಯಾದೆಯಿಂದ ಸರಿದು ನಿಲ್ಲುವವನನ್ನು ನಾಯಕನನ್ನಾಗಿ ಮಾಡಿ, ಅವಳೇ ತಿರುಗಿ ನೋಡಲು ಕಾರಣ ಹುಡುಕಿ. ಅದು ಕಷ್ಟದ ಕೆಲಸ, ಆದರೆ ಬರೆಯುವವರ ಕೆಲಸವೇ ಅದಲ್ಲವೇ.

ಕಾನೂನಿನ ವಿಷಯ ಬಂದಾಗ ಒಂದು ಸಲ ವಿಚಾರಿಸಿ ಬರೆಯಿರಿ. ನಿಮ್ಮ ಕಾದಂಬರಿಯ ಜೋಡಿ ಬೆಳಿಗ್ಗೆ ಓಡಿಹೋಗಿ ಮಧ್ಯಾಹ್ನ ರಿಜಿಸ್ಟರ್ ಮದುವೆಯಾಗಿ ಸಂಜೆ ಸಿಹಿ ಹಂಚುತ್ತಾರೆ. ಬೇರೆ ಬೇರೆ ಧರ್ಮದವರು 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗಬೇಕಾದರೆ ಮೊದಲು ನೋಟಿಸು ಕೊಡಬೇಕು. ಅದನ್ನು ವಿವಾಹಾಧಿಕಾರಿಯ ಕಚೇರಿಯಲ್ಲಿ ಕಾಣುವ ಜಾಗದಲ್ಲಿ ಅಂಟಿಸುತ್ತಾರೆ. 30 ದಿನ ಕಾಯಬೇಕು, ಮೂವರು ಸಾಕ್ಷಿಗಳು ಬೇಕು. ಇದನ್ನು ತೊಡಕು ಎಂದುಕೊಳ್ಳಬೇಡಿ. ಆ 30 ದಿನಗಳಲ್ಲಿ ಯಾವ ಕೆಲಸಕ್ಕೋ ಆ ಕಚೇರಿಗೆ ಬಂದ ಸೋದರಮಾವ ಗೋಡೆಯ ಮೇಲೆ ಸೊಸೆಯ ಹೆಸರು ಓದಿದರೆ? ವಿಚಾರಿಸಿದ್ದರಿಂದ ನಿಮಗೆ ಒಂದು ಒಳ್ಳೆಯ ಅಧ್ಯಾಯ ಪುಕ್ಕಟೆ ಸಿಕ್ಕಿತು.

ಇನ್ನು ನಿಮ್ಮ ದಿನಚರಿ. ಒಂದು ಹೊಸ ಪುಸ್ತಕ ಓದಿದ ಕೂಡಲೇ ನಿಮ್ಮ ಕಥೆಯನ್ನು ತಿರುಗಿಸಿಬಿಡುತ್ತೀರಿ. ಹೋದ ತಿಂಗಳು ನಾಯಕ ಪಶುವೈದ್ಯನಾಗಿದ್ದ, ಈ ತಿಂಗಳು ಶೆಫ್, ನಡುವೆ ಒಂದು ಸುಳ್ಳು ನಿಶ್ಚಿತಾರ್ಥವೂ ನುಗ್ಗಿತು. ಹೀಗಾದರೆ ಜನ್ಮದಲ್ಲಿ ಮುಗಿಯುವುದಿಲ್ಲ. ಬರೆಯುವ ಹೊತ್ತು ಮೊದಲು, ಓದುವ ಹೊತ್ತು ಆಮೇಲೆ. ಬೆಳಿಗ್ಗೆ ಮನೆ ಏಳುವ ಮುಂಚೆ ಮುನ್ನೂರು ಪದ ಬರೆಯಿರಿ. 200 ದಿನಕ್ಕೆ 60,000 ಪದ, ಒಂದು ಕಾದಂಬರಿಗೆ ಅಷ್ಟು ಸಾಕು. ಹನಿ ಹನಿ ಕೂಡಿದರೆ ಹಳ್ಳ. ಓದಿನಲ್ಲಿ ಹೊಳೆದದ್ದನ್ನು ಬೇರೆ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮುಂದಿನ ಕಾದಂಬರಿಗೆ ಆಗುತ್ತದೆ. ಕಷ್ಟದ ಅಧ್ಯಾಯ ಬರೆಯುವ ವಾರದಲ್ಲಿ ಪ್ರೇಮಕಥೆ ಬಿಟ್ಟು ಪತ್ತೇದಾರಿಯನ್ನೋ ಪ್ರವಾಸ ಕಥನವನ್ನೋ ಓದಿ, ಬೇರೆಯವರ ದನಿ ಕಿವಿಯಲ್ಲಿ ಉಳಿಯುವುದಿಲ್ಲ.

ಅಚ್ಚಾದ ಪುಸ್ತಕದ ಪಕ್ಕದಲ್ಲಿ ನಿಮ್ಮ ಮೊದಲ ಕರಡನ್ನು ಇಟ್ಟು ಅಳಬೇಡಿ. ‘ಪ್ರೈಡ್ ಅಂಡ್ ಪ್ರೆಜುಡೀಸ್’ನ ಮೊದಲ ಕರಡನ್ನು ಆಸ್ಟಿನ್ 1796ರಲ್ಲಿ ಬೇರೆ ಹೆಸರಿನಲ್ಲಿ ಶುರು ಮಾಡಿದ್ದರು. ಮರುವರ್ಷ ಅವರ ತಂದೆ ಒಬ್ಬ ಪ್ರಕಾಶಕರಿಗೆ ಪತ್ರ ಬರೆದಾಗ, ಹಸ್ತಪ್ರತಿ ನೋಡದೆಯೇ ಬೇಡ ಎಂದರು. ಪುಸ್ತಕ ಬಂದದ್ದು 1813ರಲ್ಲಿ. ನಡುವೆ ಅದನ್ನು ಎಷ್ಟೋ ತಿದ್ದಿದರು. ನೀವೂ ತಿದ್ದಬೇಕು. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬುದು ನಿಜವೇ, ಆದ್ದರಿಂದ ಮುಗಿದ ಮೇಲೆ ಒಂದು ತಿಂಗಳು ಬೀರುವಿನಲ್ಲಿಟ್ಟು ಆಮೇಲೆ ತೆಗೆದು ನೋಡಿ. ಆ್ಯಪಿನಲ್ಲಿ ಕಂತು ಕಂತಾಗಿ ಹಾಕುವ ಆಸೆಯಿದ್ದರೆ ಕನಿಷ್ಠ ಹತ್ತು ಕಂತು ಕೈಯಲ್ಲಿಟ್ಟುಕೊಂಡು ಶುರು ಮಾಡಿ. ಇಲ್ಲದಿದ್ದರೆ ಓದುಗರು ಹೇಳಿದ ಕಡೆಗೆಲ್ಲ ಕಥೆ ಓಡುತ್ತದೆ.

ಕೊನೆಯದಾಗಿ ಎರಡು ಕಟ್ಟಪ್ಪಣೆ. ಶತ್ರುಗಳು ಪ್ರೇಮಿಗಳಾಗುವ ಕಥೆ ಯಾರ ಸ್ವತ್ತೂ ಅಲ್ಲ, ಆದರೆ ಇನ್ನೊಬ್ಬರು ಬರೆದ ಸಾಲು ಅವರದೇ. ನಮ್ಮ ಕಾಯ್ದೆಯಲ್ಲಿ ಲೇಖಕರ ಹಕ್ಕು ಅವರ ಆಯುಸ್ಸು ಮುಗಿದ ಮೇಲೂ 60 ವರ್ಷ ಇರುತ್ತದೆ. ಅನುವಾದ ಮಾಡಿ ಹೆಸರು ಬದಲಿಸಿದರೂ ಅದು ಕಳ್ಳತನವೇ. ಎರಡನೆಯದು, ಗೆಳತಿ ಅತ್ತುಕೊಂಡು ಹೇಳಿದ ಅವಳ ಪ್ರೇಮವನ್ನು ಊರು ಬದಲಿಸಿ ಬರೆಯಬೇಡಿ. ಊರು ಬದಲಿಸಿದರೂ ಅವಳಿಗೆ ಗೊತ್ತಾಗುತ್ತದೆ, ಅವಳ ಗಂಡನಿಗೂ ಗೊತ್ತಾಗುತ್ತದೆ.

ಪ್ರೇಮ ಕಾದಂಬರಿಯನ್ನು ಪ್ರೀತಿಯಿಂದ ಓದುವವರೇ ಅದನ್ನು ಚೆನ್ನಾಗಿ ಬರೆಯುವುದು. ಅದನ್ನು ಕೀಳಾಗಿ ಕಾಣುವವರ ಕೈಯಲ್ಲಿ ಅದು ಬರುವುದಿಲ್ಲ. ಆದ್ದರಿಂದ ಓದುವುದನ್ನು ಬಿಡಬೇಡಿ, ಆದರೆ ಓದನ್ನು ನೆಪ ಮಾಡಿಕೊಂಡು ಬರೆಯುವುದನ್ನು ಮುಂದೂಡಲೂ ಬೇಡಿ. ನಾಳೆ ಬೆಳಿಗ್ಗೆ ಮುನ್ನೂರು ಪದ ಮುಗಿಸಿ, ಆಮೇಲೆ ಆ ಹೊಸ ಪುಸ್ತಕ ತೆರೆಯಿರಿ. ನಿಮ್ಮ ಕಾದಂಬರಿ ಮುಗಿದ ದಿನ ಮೊದಲ ಪ್ರತಿ ನನಗೆ ಕೊಡಿ, ಓದಿ ತಪ್ಪು ಹುಡುಕುವ ಕೆಲಸ ನನಗಿರಲಿ.